ಬಟ್ಟಲಿನ ಸದ್ದು ಪರೀಕ್ಷೆಯಲ್ಲ

ಎಂಟನೇ ತರಗತಿಯ ‘ಶಬ್ದ’ ಪಾಠದಲ್ಲಿ ಶ್ರವಣದೋಷದ ಬಗ್ಗೆ ಇರುವುದು ಕೆಲವೇ ಸಾಲು. ಬಣಕಲ್‌ನಲ್ಲಿ ಬೋಧನಾಭ್ಯಾಸಕ್ಕೆ ಹೋಗಿದ್ದಾಗ ಆ ಸಾಲುಗಳಿಗೆ ಒಂದು ಇಡೀ ಅವಧಿ ಬೇಕಾಯಿತು.

ಕಾಫಿ ಕೊಯ್ಲಿನ ದಿನಗಳು. “ಮಾತೇ ಬರದ ಮಗುವಿಗೆ ಕೇಳಿಸುತ್ತೋ ಇಲ್ವೋ ಅಂತ ಹೇಗೆ ಗೊತ್ತಾಗುತ್ತೆ ಟೀಚರ್?” ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಅವಳ ಅಕ್ಕನ ಮಗು ತಿಂಗಳು ತುಂಬುವ ಮೊದಲೇ ಹುಟ್ಟಿ, ಹತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಕಿವಿ ಪರೀಕ್ಷೆಯ ಚೀಟಿಯಲ್ಲಿ ‘ರೆಫರ್’ ಎಂದಿತ್ತು. “ಬಟ್ಟಲು ಬಡಿದ್ರೆ ಬೆಚ್ಚುತ್ತೆ, ಕೂಲಿ ಬಿಟ್ಟು ಮತ್ತೆ ಯಾಕೆ ಹೋಗ್ಬೇಕು ಅಂತಾರೆ ಅಜ್ಜಿ.” ಮಗುವಿಗೆ ಆಗ ಎರಡು ತಿಂಗಳು.

ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು ಮರುದಿನ ಹಲಗೆಯ ಮೇಲೆ ಒಳಕಿವಿಯ ಚಿತ್ರ ಬರೆದೆ. ಕಾಕ್ಲಿಯಾದ ಹೊರ ರೋಮಕೋಶಗಳು ಶಬ್ದ ಬಂದಾಗ ತಾವೂ ಅಲುಗಿ, ತೀರ ಸಣ್ಣ ದನಿಯನ್ನು ಹಿಂದಕ್ಕೆ ಕಳಿಸುತ್ತವೆ. 1978ರಲ್ಲಿ ಇಂಗ್ಲೆಂಡಿನ ಡೇವಿಡ್ ಕೆಂಪ್ ಇದನ್ನು ತೋರಿಸಿಕೊಟ್ಟರು. ಮಲಗಿರುವ ಮಗುವಿನ ಕಿವಿಗೆ ಮೆತ್ತನೆಯ ತುದಿಯಿಟ್ಟು ಆ ದನಿಯನ್ನು ಹಿಡಿಯುವುದೇ ಒಎಇ ಪರೀಕ್ಷೆ. ಇದರಲ್ಲಿ ನೋವಿಲ್ಲ. ತೀವ್ರ ನಿಗಾ ಘಟಕದಲ್ಲಿದ್ದ ಶಿಶುಗಳಲ್ಲಿ ಕೋಶ ಸರಿಯಿದ್ದೂ ನರದಲ್ಲಿ ತೊಂದರೆ ಇರಬಹುದು. ಅದಕ್ಕೆ ಎಬಿಆರ್ ಪರೀಕ್ಷೆಯೂ ಬೇಕು. ಹುಟ್ಟುವಾಗ 1,500 ಗ್ರಾಂಗಿಂತ ಕಡಿಮೆ ತೂಕ, ರಕ್ತ ಬದಲಿಸುವಷ್ಟು ಕಾಮಾಲೆ, ಮಿದುಳು ಪೊರೆಯ ಸೋಂಕು, ಮನೆತನದಲ್ಲಿ ಬಾಲ್ಯದ ಕಿವುಡುತನ ಇದ್ದರೂ ಹೆಚ್ಚಿನ ಎಚ್ಚರ ಬೇಕು.

‘ರೆಫರ್’ ಎಂದರೆ ಕಿವುಡು ಎಂದಲ್ಲ, ಮತ್ತೆ ನೋಡಬೇಕು ಎಂದರ್ಥ. ಕಿವಿಯಲ್ಲಿ ದ್ರವ ಉಳಿದಿದ್ದರೂ ಹಾಗೆ ಬರುತ್ತದೆ. ಹಾಗೆಯೇ ಬಟ್ಟಲಿನ ಸದ್ದಿಗೆ ಬೆಚ್ಚುವ ಮಗುವಿಗೆ ಅಮ್ಮನ ಮೆಲುಮಾತು ಕೇಳದಿರಬಹುದು. ಹಲಗೆಯ ಮೇಲೆ 1, 3, 6 ಎಂದು ಬರೆದೆ: ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ಖಚಿತ ಪರೀಕ್ಷೆ, ಆರರೊಳಗೆ ಶ್ರವಣಸಾಧನ, ತರಬೇತಿ. ಮಾತು ಕಲಿಯುವ ವಯಸ್ಸು ಯಾರಿಗೂ ಕಾಯುವುದಿಲ್ಲ.

ಅಂಕಿಗಳನ್ನು ಹುಡುಗಿ ಮನೆಗೆ ಒಯ್ದಳು. ಅದೇ ವಾರ ಅಕ್ಕ, ಭಾವ ಮಗುವನ್ನು ಮರುಪರೀಕ್ಷೆಗೆ ಕರೆದೊಯ್ದರು. ಫಲಿತಾಂಶ ತಿಳಿಯುವ ಮುನ್ನ ನನ್ನ ಬೋಧನಾಭ್ಯಾಸ ಮುಗಿಯಿತು.

1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಕಿವುಡುತನವೂ ಸೇರಿದೆ. ಆದರೆ ಎರಡನೇ ಸಲ ಆಸ್ಪತ್ರೆಗೆ ಹೋಗುವ ತೀರ್ಮಾನ ಆಗುವುದು ತೋಟದ ಲೈನ್ ಮನೆಯೊಳಗೆ. ಅಲ್ಲಿಗೆ ದಿನವೂ ಪುಸ್ತಕ ಹೊತ್ತು ಹೋಗುವವರು ನಮ್ಮ ವಿದ್ಯಾರ್ಥಿಗಳು. ‘ಶಬ್ದ’ ಪಾಠ ಮಾಡುವ ಸಹ ಪ್ರಶಿಕ್ಷಣಾರ್ಥಿಗಳು ಆ ಮೂರು ಅಂಕಿಗಳನ್ನೂ ಹಲಗೆಯ ಮೇಲೆ ಬರೆಯಲಿ.