‘ನೋಡೋಣ’ ಎಂದವರ ಮನೆಗೆ ಮತ್ತೊಮ್ಮೆ

‘ಸೇಲ್ಸ್‌ಮನ್‌ಗಳಿಗೆ ಪ್ರವೇಶವಿಲ್ಲ’ ಎಂದು ಗೇಟಿಗೆ ಫಲಕ ತೂಗುಹಾಕಿದ ಮನೆಯ ಮಗನೇ ಓದು ಮುಗಿಸಿ ಸೇಲ್ಸ್‌ಮನ್ ಆಗಿ ಹೊರಟರೆ ಹೇಗಿರುತ್ತದೆ? ಮೈಸೂರಿನ ಒಂದು ಬಡಾವಣೆಯಲ್ಲಿ ಹಾಗೆಯೇ ಆಯಿತು. ಹುಡುಗ ಬಿ.ಎಸ್ಸಿ. ಓದಿದವನು, ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕ. ಎರಡು ವರ್ಷ ಸರಕಾರಿ ಕೆಲಸದ ಪರೀಕ್ಷೆಗಳನ್ನು ಬರೆದು ಸೋತ ಮೇಲೆ, ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಮಾರುವ ಕಂಪೆನಿಯೊಂದಕ್ಕೆ ಸೇರಿಕೊಂಡ. “ಮನೆಮನೆ ತಿರುಗೋದಕ್ಕೆ ಬಿ.ಎಸ್ಸಿ. ಯಾಕಪ್ಪಾ ಬೇಕಿತ್ತು?” ಎಂದು ತಂದೆ ಒಂದೇ ಒಂದು ಮಾತು ಹೇಳಿ ಪತ್ರಿಕೆಯೊಳಗೆ ಮುಖ ಮರೆಸಿಕೊಂಡರು. ತಾಯಿ ಮಾತಾಡದೆ ಬುತ್ತಿ ಕಟ್ಟಿಕೊಟ್ಟರು.

ಮೊದಲ ವಾರ ಅವನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದೂ ಮನೆ ಬಿಡದೆ ಬಾಗಿಲು ತಟ್ಟಿದ. ಬೆಳಿಗ್ಗೆ ಒಂಬತ್ತು ಗಂಟೆ. ಒಳಗೆ ಕುಕ್ಕರ್ ಕೂಗುತ್ತಿದೆ, ಮಕ್ಕಳಿಗೆ ಶಾಲೆಯ ಬಸ್ಸು ತಪ್ಪುತ್ತಿದೆ; ಅಂಥ ಹೊತ್ತಿನಲ್ಲಿ ನೀರಿನ ವಿಚಾರ ಯಾರಿಗೆ ಬೇಕು? ಬಾಗಿಲು ತೆರೆದವರು ಮುಖವನ್ನೂ ನೋಡದೆ ಮುಚ್ಚಿದರು. ಒಬ್ಬ ಅಜ್ಜಿ ಮಾತ್ರ ಜಗಲಿಯ ಮೇಲೆ ಕೂರಿಸಿ, “ಹನ್ನೊಂದರ ಮೇಲೆ ಬಾರಪ್ಪಾ. ಆಗ ಹೆಂಗಸರಿಗೆ ಒಂಚೂರು ಪುರುಸೊತ್ತಿರುತ್ತೆ. ಊಟ ಆದ್ಮೇಲೆ ಬರ್ಬೇಡ, ಮಲಗಿರ್ತಾರೆ” ಎಂದರು. ಕಂಪೆನಿಯ ಮೂರು ದಿನದ ತರಬೇತಿಯಲ್ಲಿ ಯಾರೂ ಹೇಳಿರದ ಪಾಠ ಅದು.

ಎಲ್ಲ ಮನೆಗೂ ಹೋಗುವುದಕ್ಕಿಂತ, ಯಾರಿಗೆ ವಸ್ತು ಬೇಕಾದೀತು ಎಂದು ಮೊದಲು ಯೋಚಿಸಿ ಹೋಗುವುದು ಮೇಲು ಎಂಬುದು ಎರಡನೆಯ ಪಾಠ. ಹೊಸದಾಗಿ ಗೃಹಪ್ರವೇಶವಾದ ಮನೆಗಳು, ಕೊಳವೆ ಬಾವಿಯ ನೀರನ್ನೇ ನೆಚ್ಚಿದ ಬಡಾವಣೆಗಳು, ವಿದ್ಯಾರ್ಥಿಗಳ ಪಿ.ಜಿ.ಗಳು, ಸಣ್ಣ ಹೋಟೆಲುಗಳು: ಇವುಗಳ ಪಟ್ಟಿಯನ್ನು ಅವನು ಮಾಡಿಕೊಂಡ. ಯಾವ ಮನೆಯ ನಲ್ಲಿಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ ಎಂಬುದು ಕೊಳಾಯಿ ರಿಪೇರಿಯವನಿಗೆ ಗೊತ್ತಿರುತ್ತದೆ. ಅಂಥವನೊಡನೆ ಒಂದು ಲೋಟ ಟೀ ಕುಡಿದರೆ ಒಂದು ದಿನದ ಅಲೆದಾಟ ಉಳಿಯುತ್ತದೆ.

ಇಷ್ಟಾದರೂ ವ್ಯಾಪಾರ ಕುದುರಲಿಲ್ಲ. ಆಗ ಮೇಲಿನ ಅಧಿಕಾರಿ ಚೀಲದಿಂದ ಒಂದು ಸಣ್ಣ ಉಪಕರಣ ತೆಗೆದುಕೊಟ್ಟರು. ಎರಡು ಜೊತೆ ಲೋಹದ ಕಡ್ಡಿಗಳು, ಒಂದು ವಿದ್ಯುತ್ ಪ್ಲಗ್. ಒಂದು ಲೋಟದಲ್ಲಿ ಮನೆಯ ನಲ್ಲಿ ನೀರು, ಇನ್ನೊಂದರಲ್ಲಿ ಯಂತ್ರದಿಂದ ಸೋಸಿದ ನೀರು. ಕಡ್ಡಿಗಳನ್ನು ಮುಳುಗಿಸಿ ಸ್ವಿಚ್ ಹಾಕಿದರೆ ನಲ್ಲಿ ನೀರು ನೋಡನೋಡುತ್ತಿದ್ದಂತೆ ಕಂದುಬಣ್ಣಕ್ಕೆ ತಿರುಗಿ, ಗಸಿ ಕಟ್ಟುತ್ತದೆ. ಸೋಸಿದ ನೀರು ತಿಳಿಯಾಗಿಯೇ ಉಳಿಯುತ್ತದೆ. “ನೋಡಿ ಅಮ್ಮಾ, ಮಕ್ಕಳಿಗೆ ಕುಡಿಸ್ತಿರೋದು ಇದನ್ನೇ” ಎಂದರೆ ಸಾಕು, ತಾಯಂದಿರು ಬೆಚ್ಚುತ್ತಿದ್ದರು. ಹದಿನೈದು ದಿನಗಳಲ್ಲಿ ಅವನು ನಾಲ್ಕು ಯಂತ್ರ ಮಾರಿದ.

ಆದರೆ ಅವನು ರಸಾಯನಶಾಸ್ತ್ರ ಓದಿದವನು. ಒಳಗೆಲ್ಲೋ ಮುಳ್ಳು ಚುಚ್ಚುತ್ತಿತ್ತು. ಆ ಕಂದು ಗಸಿ ನೀರಿನಲ್ಲಿದ್ದ ಕೊಳೆಯಲ್ಲ. ನೀರಿನಲ್ಲಿ ಕರಗಿದ ಲವಣಗಳಿದ್ದರೆ ವಿದ್ಯುತ್ ಹರಿಯುತ್ತದೆ. ವಿದ್ಯುತ್ ಹರಿದರೆ ಕಬ್ಬಿಣದ ಕಡ್ಡಿ ಸವೆದು ಕಬ್ಬಿಣದ ಹೈಡ್ರಾಕ್ಸೈಡ್ ಆಗಿ ಬಣ್ಣ ಕೊಡುತ್ತದೆ. ಸೋಸಿದ ನೀರಿನಲ್ಲಿ ಲವಣ ತೀರಾ ಕಡಿಮೆ, ಹಾಗಾಗಿ ವಿದ್ಯುತ್ತೂ ಹರಿಯದು, ಕಡ್ಡಿಯೂ ಸವೆಯದು. ಕೊಳೆ ಕಡ್ಡಿಯದು, ಹೆಸರು ನೀರಿನದು!

ಒಂದು ಮನೆಯಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಇದನ್ನೆಲ್ಲ ಕಣ್ಣರಳಿಸಿ ನೋಡುತ್ತಿದ್ದಳು. ವಿದ್ಯುದ್ವಿಭಜನೆಯ ಪಾಠ ಅವಳಿಗೆ ಆಗಿತ್ತು. “ಅಣ್ಣಾ, ಒಂದ್ನಿಮಿಷ” ಎಂದು ಒಳಗೆ ಓಡಿ ಒಂದು ಚಿಟಿಕೆ ಅಡುಗೆ ಉಪ್ಪು ತಂದು ಸೋಸಿದ ನೀರಿನ ಲೋಟಕ್ಕೆ ಹಾಕಿದಳು. “ಈಗ ಸ್ವಿಚ್ ಹಾಕಿ.” ಆ ‘ಶುದ್ಧ’ ನೀರೂ ಕಂದಾಯಿತು. ಅವಳ ತಂದೆ ನಗಲಿಲ್ಲ, ಗದರಲೂ ಇಲ್ಲ. “ಏನಪ್ಪಾ, ನಾವು ದಿನಾ ಸಾರಿಗೆ ಹಾಕೋ ಉಪ್ಪು ವಿಷಾನಾ?” ಎಂದಷ್ಟೇ ಕೇಳಿದರು.

ಅಂದು ರಾತ್ರಿ ಹುಡುಗ ಊಟ ಮಾಡಲಿಲ್ಲ. ಬೆಳಿಗ್ಗೆ ಉಪಕರಣವನ್ನು ಅಧಿಕಾರಿಯ ಮೇಜಿನ ಮೇಲಿಟ್ಟು, “ಸರ್, ಇದಿಲ್ಲದೆ ಮಾರ್ತೀನಿ. ಆಗ್ದಿದ್ರೆ ಬಿಡ್ತೀನಿ” ಎಂದ. “ತಿಂಗಳ ಕೊನೆಗೆ ಲೆಕ್ಕ ತೋರಿಸು” ಎಂಬ ಉತ್ತರ ಬಂತು. ಅವನು ಮೊದಲು ಮಾಡಿದ ಕೆಲಸವೆಂದರೆ, ಆ ಪ್ರಯೋಗ ತೋರಿಸಿದ್ದ ಮನೆಗಳಿಗೆಲ್ಲ ಮತ್ತೆ ಹೋಗಿ ನಿಜ ಹೇಳಿದ್ದು. ಕೊಂಡ ನಾಲ್ವರಲ್ಲಿ ಒಬ್ಬರು ಯಂತ್ರ ಹಿಂದಿರುಗಿಸಿದರು. ಆ ತಿಂಗಳ ಕಮಿಷನ್ ಅಷ್ಟಕ್ಕೆ ಕಡಿಮೆಯಾಯಿತು.

ಆಮೇಲೆ ಅವನ ಚೀಲದಲ್ಲಿ ಉಳಿದದ್ದು ಪೆನ್ನಿನಂಥ ಒಂದು ಟಿ.ಡಿ.ಎಸ್. ಮೀಟರು ಮತ್ತು ಒಂದು ನೋಟ್‌ಬುಕ್ಕು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 10500 ಎಂಬ ಮಾನದಂಡವಿದೆ. ಅದರಂತೆ ಲೀಟರಿಗೆ 500 ಮಿಲಿಗ್ರಾಂವರೆಗಿನ ಕರಗಿದ ಲವಣ ಒಪ್ಪತಕ್ಕದ್ದು. ಬೇರೆ ನೀರೇ ಸಿಗದಿದ್ದರೆ 2000ದವರೆಗೆ ಅವಕಾಶ. ಮೀಟರು ಲವಣವನ್ನು ಅಂದಾಜಿಸುತ್ತದೆಯೇ ಹೊರತು ರೋಗಾಣುಗಳನ್ನು ಎಣಿಸುವುದಿಲ್ಲ ಎಂಬುದನ್ನೂ ಅವನು ಬಾಯಿಬಿಟ್ಟು ಹೇಳತೊಡಗಿದ. ಉಪ್ಪು ಕಡಿಮೆಯಿರುವ ನದಿ ನೀರು ಬರುವ ಮನೆಗೆ, “ನಿಮಗೆ ಆರ್.ಓ. ಬೇಡಮ್ಮಾ. ಅದರಲ್ಲಿ ನೀರೂ ದಂಡ. ಕುದಿಸಿ ಕುಡಿದರೆ ಸಾಕು, ಇಲ್ಲವಾದರೆ ಯು.ವಿ. ಯಂತ್ರ ಆಗುತ್ತೆ” ಎನ್ನುತ್ತಿದ್ದ.

ಇನ್ನು ನೋಟ್‌ಬುಕ್ಕಿನ ಮಾತು. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಮೊದಲ ಭೇಟಿಯಲ್ಲಿ ‘ಬೇಕು’ ಎನ್ನುವವರು ವಿರಳ. ನಮ್ಮ ಜನ ‘ಬೇಡ’ ಎಂದು ಮುಖ ಮುರಿಯುವವರೂ ಅಲ್ಲ; ‘ನೋಡೋಣ’ ಎನ್ನುತ್ತಾರೆ. ಈ ‘ನೋಡೋಣ’ಕ್ಕೆ ಮೂರು ಅರ್ಥ. ಈಗ ಕೈಯಲ್ಲಿ ದುಡ್ಡಿಲ್ಲ ಎಂಬುದು ಒಂದು. ಮನೆಯವರನ್ನು ಕೇಳಬೇಕು ಎಂಬುದು ಇನ್ನೊಂದು. ದಯವಿಟ್ಟು ಹೊರಡು ಎಂಬುದು ಮೂರನೆಯದು. “ಯಾವಾಗ ಬಂದ್ರೆ ಅನುಕೂಲ?” ಎಂದು ವಿನಯದಿಂದ ಕೇಳಿದರೆ ಯಾವ ಅರ್ಥವೆಂಬುದು ತಾನಾಗಿ ತಿಳಿಯುತ್ತದೆ. ಹುಡುಗ ಪ್ರತಿ ಮನೆಗೂ ಒಂದು ಪುಟ ಇಟ್ಟ: ದಿನಾಂಕ, ನೀರಿನ ಮೂಲ, ಮೀಟರಿನ ಅಂಕಿ, ಅವರು ಹೇಳಿದ ಮಾತು ಹೇಳಿದಂತೆಯೇ, ಮತ್ತೆ ಹೋಗಬೇಕಾದ ದಿನ. ಹದಿನೈದಕ್ಕೆ ಬನ್ನಿ ಎಂದವರ ಮನೆಗೆ ಹದಿನೈದಕ್ಕೇ ಹೋದ, ಮಳೆಯಿದ್ದರೂ ಹೋದ. ಎರಡನೆಯ ಭೇಟಿಗೆ ‘ಏನು ತೀರ್ಮಾನ ಮಾಡಿದಿರಿ?’ ಎಂದು ಬರಿಗೈಯಲ್ಲಿ ಹೋಗದೆ, ಅವರು ಕೇಳಿದ್ದ ಯಾವುದಾದರೂ ಪ್ರಶ್ನೆಗೆ ಉತ್ತರ ಹೊತ್ತುಕೊಂಡು ಹೋದ. ಮೂರನೆಯ ಸಲವೂ ಬೇಡವೆಂದರೆ ಕೈಮುಗಿದು ಆ ಪುಟಕ್ಕೆ ಗೆರೆ ಎಳೆದ. ಕೇಳದವರಿಗೆ ಫೋನ್ ಮಾಡಿ ಪೀಡಿಸಲಿಲ್ಲ. ಇಂಥ ಕರೆಗಳು ಬೇಡವೆನ್ನುವವರು 1909ಕ್ಕೆ ತಿಳಿಸಿ ತಡೆಯಬಹುದಾದ ಕಾಲ ಇದು.

ಅಮೆರಿಕದ ಜೋ ಗಿರಾರ್ಡ್ ಎಂಬಾತ 1963ರಿಂದ 1978ರವರೆಗೆ ಒಂದೊಂದಾಗಿ 13,001 ಕಾರುಗಳನ್ನು ಮಾರಿ ಗಿನ್ನೆಸ್ ದಾಖಲೆಗೆ ಸೇರಿದ. ಮಾರಿದ ಮೇಲೆ ಮರೆಯದಿರುವುದೇ ಅವನ ಗುಟ್ಟು. ಗಿರಾಕಿಗಳಿಗೆ ಪ್ರತಿ ತಿಂಗಳೂ ಒಂದು ಶುಭಾಶಯ ಪತ್ರ ಹೋಗುತ್ತಿತ್ತು. ಒಬ್ಬೊಬ್ಬ ಮನುಷ್ಯನ ಬಳಗದಲ್ಲಿ ಸುಮಾರು 250 ಜನರಿರುತ್ತಾರೆ, ಒಬ್ಬನನ್ನು ನೋಯಿಸಿದರೆ ಅಷ್ಟೂ ಜನ ಕೈತಪ್ಪುತ್ತಾರೆ ಎಂಬುದು ಅವನ ಲೆಕ್ಕ. ಅಷ್ಟು ದೂರವೇಕೆ? ಗುಜರಾತಿನ ಕರ್ಸನ್‌ಭಾಯಿ ಪಟೇಲರೂ ರಸಾಯನಶಾಸ್ತ್ರ ಓದಿ ಸರಕಾರಿ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದವರೇ. 1969ರಲ್ಲಿ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಪುಡಿ ತಯಾರಿಸಿ, ಸೈಕಲ್ ಮೇಲೆ ಹೇರಿಕೊಂಡು ಅಹಮದಾಬಾದಿನ ಮನೆಮನೆಗೆ ಮಾರಿದರು. ಹಾಗೆ ಹುಟ್ಟಿದ್ದು ನಿರ್ಮಾ.

ಮೂರು ತಿಂಗಳು ಕಷ್ಟದಲ್ಲೇ ಕಳೆಯಿತು. ಒಂದು ಸಂಜೆ, ಚಿಟಿಕೆ ಉಪ್ಪಿನ ಮನೆಯಿಂದಲೇ ಫೋನ್ ಬಂತು. ಆ ಮನೆಯವರು ಯಂತ್ರ ಕೊಂಡಿರಲಿಲ್ಲ. ನದಿ ನೀರಿನ ಮನೆ ಅದು. ಬೇಡವೆಂದು ಅವನೇ ಹೇಳಿ ಬಂದಿದ್ದ. “ನನ್ನ ತಂಗಿ ಮನೇಲಿ ಬೋರ್‌ವೆಲ್ ನೀರಪ್ಪಾ, ಬೇಳೆ ಬೇಯೋದೇ ಇಲ್ಲ ಅಂತಾಳೆ. ನೀನೇ ಹೋಗಿ ನೋಡಿ ಹೇಳು. ನೀನು ಹೇಳಿದ್ರೆ ತಗೋತಾರೆ” ಎಂದರು ಹುಡುಗಿಯ ತಂದೆ. ಮೀಟರು 1400 ತೋರಿಸಿತು. ಆ ಮನೆಯಲ್ಲಿ ಯಂತ್ರ ಕೂರಿಸಿ, ವಾರದ ಮೇಲೆ ಮತ್ತೆ ಹೋಗಿ ನೋಡಿ ಬಂದ. ಅದೇ ಬೀದಿಯಲ್ಲಿ ಇನ್ನೂ ಮೂರು ಮನೆಯವರು ಅವನನ್ನು ತಾವಾಗಿ ಕರೆದರು.

ಮಕ್ಕಳು ಇಂಥ ಕೆಲಸಕ್ಕೆ ಹೊರಟರೆ ತಂದೆತಾಯಂದಿರು ಅವಮಾನವೆಂದು ಕುಗ್ಗಬೇಕಿಲ್ಲ. ‘ಇವತ್ತು ಎಷ್ಟು ಮಾರಿದೆ?’ ಎಂದು ಕೇಳುವುದರ ಜೊತೆಗೆ ‘ಏನು ಹೇಳಿ ಮಾರಿದೆ?’ ಎಂದೂ ಕೇಳಿದರೆ ಸಾಕು. ಓದಿದ ವಿದ್ಯೆ ನೌಕರಿ ಕೊಡಿಸದಿರಬಹುದು. ಯಾವ ಮಾತನ್ನು ಆಡಬಾರದು ಎಂಬುದನ್ನಂತೂ ಅದು ಹೇಳಿಕೊಡುತ್ತದೆ.

ಆ ಮನೆಯ ಗೇಟಿನ ಫಲಕ ಈಗಲೂ ಅಲ್ಲಿಯೇ ಇದೆ. ಆದರೆ ಬಿಸಿಲಲ್ಲಿ ಚೀಲ ಹೊತ್ತು ಬಂದ ಯಾವ ಹುಡುಗ ಅದನ್ನು ಓದಿ ಹಿಂದಿರುಗಿದರೂ, ಪತ್ರಿಕೆ ಮಡಿಸಿಟ್ಟು ಆ ತಂದೆ ಕೂಗುತ್ತಾರೆ: “ಏನಪ್ಪಾ, ಬಾ ಇಲ್ಲಿ. ನೀರು ಕುಡಿದು ಹೋಗು.”