ನಾಯಕಿಯ ರೇಷನ್ ಕಾರ್ಡು

ವಿಚ್ಛೇದನದ ನಂತರ ಬದುಕು ಕಟ್ಟಿಕೊಳ್ಳುವ ಹೆಣ್ಣಿನ ಕಥೆಯನ್ನು ಹಗುರವಾಗಿ ಬರೆದರೆ ‘ಇಷ್ಟು ಸುಲಭವೇ?’ ಎಂದು ಮೂಗು ಮುರಿಯುವ ಓದುಗರಿದ್ದಾರೆ. ನನ್ನ ತಕರಾರು ಹಗುರತನದ ಮೇಲಲ್ಲ, ಕಾದಂಬರಿ ಕೈಬಿಡುವ ಲೆಕ್ಕದ ಮೇಲೆ. ನೂರು ಪುಟದೊಳಗೆ ನಾಯಕಿಗೆ ಒಳ್ಳೆಯ ಗಂಡು ಸಿಗುತ್ತಾನೆ. ಅವಳ ಹೆಸರು ಯಾರ ರೇಷನ್ ಕಾರ್ಡಿನಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಚನ್ನಗಿರಿಯಲ್ಲೋ ಜಗಳೂರಿನಲ್ಲೋ ತವರಿಗೆ ಮರಳಿದವಳು ಅಮ್ಮನ ಕಾರ್ಡಿಗೆ ಸೇರಿದರೆ, 2023ರಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಅಮ್ಮನ ಖಾತೆಗೇ; ಆ ಹಣ ಕಾರ್ಡಿನ ಯಜಮಾನಿಗೆ ಮಾತ್ರ.

‘ಹಳ್ಳಿ ಕಡೆ ವಿಚ್ಛೇದನ, ಮರುಮದುವೆ ಎಲ್ಲ ನಡೆಯೋದಿಲ್ಲ’ ಎನ್ನುವವರಿಗೆ ಇತಿಹಾಸ ಗೊತ್ತಿಲ್ಲ, ಅಷ್ಟೆ. ಬಿಟ್ಟವಳು ಮತ್ತೆ ಕೂಡಿಕೆಯಾಗುವ ಪದ್ಧತಿ ನಮ್ಮ ಹಲವು ಸಮುದಾಯಗಳಲ್ಲಿ ಮೊದಲಿನಿಂದ ಇತ್ತು. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿಯೇ ಇದೆ. ಮನಸ್ಸು ಹಗುರಾಗಲೆಂದು ಓದುವವರಿಗೆ ಕಚೇರಿ ಪುರಾಣ ಯಾಕೆ ಎಂಬ ಆಕ್ಷೇಪಕ್ಕೆ ಕಾದಂಬರಿಗಾರ್ತಿ ತ್ರಿವೇಣಿಯೇ ಉತ್ತರ: ‘ಶರಪಂಜರ’ದಲ್ಲಿ ಮನೋರೋಗವನ್ನು ಮನೆಮನೆಗೆ ಒಯ್ದರು, ಓದುಗರು ಎದ್ದುಹೋಗಲಿಲ್ಲ. ಹೊನ್ನಾಳಿ, ನ್ಯಾಮತಿಯ ನಾಯಕಿ ಫ್ರೀ ಬಸ್ಸಿನಲ್ಲಿ ದಾವಣಗೆರೆ ಕೋರ್ಟಿಗೆ ಹೋಗಲಿ, ಒಂದು ಅಧ್ಯಾಯ ಅಲ್ಲೇ ಕಳೆಯಲಿ. ಆ ಅಧ್ಯಾಯದ ಲೆಕ್ಕಕ್ಕೆ ಇದೂ ಸೇರಲಿ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ.