ಎಂಟು ಕಾಲಿನ ಇರುವೆ

ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಬಳಿಕ ನನಗೆ ಅಂಟಿಕೊಂಡ ಹವ್ಯಾಸವೆಂದರೆ ಕಿರುಜೀವಿಗಳ ಛಾಯಾಚಿತ್ರ ತೆಗೆಯುವುದು. ಆನೆ, ಹುಲಿಗಳನ್ನರಸಿ ಕಾಡು ಸುತ್ತುವ ಪ್ರಾಯ ನನ್ನದಲ್ಲ. ಅದಕ್ಕೆ ತಕ್ಕ ಹಣವೂ ಇಲ್ಲ. ಎಣ್ಮಕಜೆಯ ಕಡೆಗಿರುವ ನಮ್ಮ ಅಡಿಕೆ ತೋಟವೂ ಅದರ ಮೇಲಿನ ಗೇರುಗುಡ್ಡೆಯೂ ನನ್ನ ಪಾಲಿಗೆ ಸಾಕಷ್ಟು ದೊಡ್ಡ ಅರಣ್ಯಗಳೇ. ಬೆಳಗ್ಗೆ ಮಂಜಿನ ಹನಿ ಆರುವ ಮೊದಲು ಕೀಟಗಳ ಮೈ ತಣ್ಣಗಿದ್ದು ಅವು ಹೆಚ್ಚು ಓಡಾಡುವುದಿಲ್ಲ. ಆದುದರಿಂದ ಕಾಫಿ ಕುಡಿದವನೇ ಕ್ಯಾಮೆರಾ ಹಿಡಿದು ಹೊರಡುತ್ತೇನೆ. ದೇವಸ್ಥಾನದ ಮೆಟ್ಟಿಲು ಹತ್ತಲು ಬಾರದ ಮಂಡಿಗಳು ಇರುವೆಯ ಮುಂದೆ ಹೇಗೆ ಬಾಗುತ್ತವೆಂಬುದು ನನ್ನ ಮನೆಯವಳ ನಿತ್ಯದ ಪ್ರಶ್ನೆ.

ಈ ಕೆಲಸದಲ್ಲಿ ಕೀಟಕ್ಕಿಂತ ಹೆಚ್ಚಾಗಿ ಸತಾಯಿಸುವುದು ನಮ್ಮದೇ ಉಸಿರು. ವಸ್ತು ಎಷ್ಟು ದೊಡ್ಡದೋ ಬಿಂಬವೂ ಅಷ್ಟೇ ದೊಡ್ಡದಾಗಿ ಮೂಡುವಂತೆ ಮ್ಯಾಕ್ರೋ ಲೆನ್ಸನ್ನು ಸಮೀಪಕ್ಕೆ ಒಯ್ದಾಗ, ಎಫ್ 11ರ ಕಿರಿದಾದ ದ್ವಾರದಲ್ಲಿಯೂ ಸ್ಪಷ್ಟವಾಗಿ ಕಾಣಿಸುವ ಆಳ ಸುಮಾರು ಒಂದು ಮಿಲಿಮೀಟರ್ ಮಾತ್ರ. ಕಣ್ಣು ಸ್ಪಷ್ಟವಾದರೆ ಹೊಟ್ಟೆ ಮಸುಕು; ಹೊಟ್ಟೆ ಸ್ಪಷ್ಟವಾದರೆ ಕಣ್ಣು ಮಸುಕು. ದ್ವಾರವನ್ನು ಇನ್ನೂ ಕಿರಿದುಗೊಳಿಸೋಣವೆಂದರೆ, ಬೆಳಕು ಅಂಚಿನಲ್ಲಿ ಹರಡಿಕೊಂಡು ಇಡೀ ಚಿತ್ರವೇ ಮೆತ್ತಗಾಗುತ್ತದೆ. ಫೋಕಸ್ಸಿನ ಉಂಗುರವನ್ನು ತಿರುಗಿಸುತ್ತ ಕುಳಿತರೆ ಕಾರ್ಯ ಕೆಟ್ಟಿತು. ಉಸಿರು ಬಿಗಿಹಿಡಿದು, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗಿ, ಕಣ್ಣು ನಿಚ್ಚಳವಾದ ಕ್ಷಣದಲ್ಲಿ ಗುಂಡಿ ಒತ್ತಬೇಕು. ಫ್ಲ್ಯಾಶಿನ ಬೆಳಕು ಇರುವೆಯ ಬೆನ್ನಿನ ಮೇಲೆ ಬಿಳಿಯ ಮಚ್ಚೆಯಾಗಿ ಕುಳಿತುಕೊಳ್ಳದಂತೆ ಅದರ ಮುಂದೆ ತೆಳುವಾದ ಬಿಳಿ ಕಾಗದದ ಮುಸುಕು ಕಟ್ಟಿದ್ದೇನೆ. ನೂರು ಚಿತ್ರಗಳಲ್ಲಿ ಎರಡು ಉಳಿದರೆ ಆ ದಿನ ಹಬ್ಬ.

ಹಾಗೆ ಉಳಿದ ಒಂದು ಚಿತ್ರದ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಎಲೆಗಳನ್ನು ಒಂದಕ್ಕೊಂದು ಹೊಲಿದು ಗೂಡು ಕಟ್ಟುವ ಚಗಳಿಯನ್ನು ನಮ್ಮ ಗುಡ್ಡೆಯಲ್ಲಿ ಕಾಣದವರಿಲ್ಲ. ಹೊಲಿಗೆಯ ನೂಲು ಅದರ ಮರಿಹುಳುವಿನ ಬಾಯಿಯ ರೇಷ್ಮೆ. ಗೇರಿನ ಚಿಗುರನ್ನೂ ಹೂವನ್ನೂ ಹೀರಿ ಒಣಗಿಸುವ ಟೀ ಸೊಳ್ಳೆಯೆಂಬ ಕೀಟವನ್ನು ಈ ಚಗಳಿ ಹಿಡಿದು ತಿನ್ನುತ್ತದೆ. ಅದೇ ಟೀ ಸೊಳ್ಳೆಯನ್ನು ಕೊಲ್ಲಲೆಂದು ಎಪ್ಪತ್ತರ ದಶಕದ ಕೊನೆಯಿಂದ 2000ದ ವರೆಗೆ ನಮ್ಮ ಸೀಮೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದರು. ಅದರ ಫಲವನ್ನು ಈ ಊರಿನ ಎಷ್ಟು ಮನೆಗಳು ಇಂದಿಗೂ ಉಣ್ಣುತ್ತಿವೆಯೆಂಬುದನ್ನು ಇಲ್ಲಿಯ ಓದುಗರಿಗೆ ನಾನು ಹೇಳಬೇಕಾದುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಾದ್ಯಂತ ನಿಲ್ಲಿಸಿತು. ಕೂಲಿ ಕೇಳದೆ ಅದೇ ಕೆಲಸ ಮಾಡುತ್ತಿದ್ದ ಇರುವೆಯ ಚಿತ್ರವೊಂದನ್ನು ನಮ್ಮ ಊರಿನ ವಾಚನಾಲಯದ ಗೋಡೆಯಲ್ಲಿ ತೂಗಹಾಕಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು.

ಒಂದು ಮುಂಜಾನೆ ಗೇರೆಲೆಯ ಅಂಚಿನಲ್ಲಿ ಅದು ಒಂಟಿಯಾಗಿ ನಿಂತಿತ್ತು. ಕುಡಿಮೀಸೆಯೆತ್ತಿ, ಕೆಂಪು ಮೈ ನೀಡಿ, ಚಿತ್ರಕ್ಕೆಂದೇ ನಿಂತಂತಿತ್ತು. ಮನೆಗೆ ಬಂದು ಗಣಕಯಂತ್ರದ ಮುಂದೆ ಕುಳಿತೆ. ಬೆಳಕನ್ನು ಹದಗೊಳಿಸಿದೆ, ಅಂಚುಗಳನ್ನು ಕತ್ತರಿಸಿದೆ, ಧೂಳಿನ ಚುಕ್ಕೆಗಳನ್ನು ಒರೆಸಿದೆ. ಇರುವೆಯ ಹಿಂಭಾಗದಿಂದ ಎಲೆಯ ವರೆಗೆ ಒಂದು ಬಿಳಿಯ ಗೆರೆ ಹಾದುಹೋಗಿತ್ತು. ಯಾವುದೋ ಹಳೆಯ ಬಲೆಯ ಎಳೆ ಇರಬೇಕೆಂದುಕೊಂಡು, ಚಿತ್ರದ ಅಂದ ಕೆಡಿಸುತ್ತದೆಂದು, ಅದನ್ನೂ ಅಳಿಸಿದೆ. ಅಳಿಸಿದ ಜಾಗ ಗೊತ್ತಾಗದಂತೆ ಹಸುರು ತುಂಬಿದ ನನ್ನ ಕೈಚಳಕಕ್ಕೆ ನಾನೇ ಮೆಚ್ಚಿಕೊಂಡೆನೆಂಬುದನ್ನೂ ಒಪ್ಪಿಕೊಳ್ಳಬೇಕು. ಕಟ್ಟು ಹಾಕಿಸಿದ ಚಿತ್ರ ‘ಚಗಳಿ: ನಮ್ಮ ಗೇರಿನ ಕಾವಲುಗಾರ’ ಎಂಬ ಬರಹದೊಡನೆ ಗೋಡೆಯೇರಿತು. ನೋಡಿದವರೆಲ್ಲ ಹೊಗಳಿದರು.

ಬೇಸಗೆಯ ರಜೆಗೆ ಕಣ್ಣೂರಿನಿಂದ ಮೊಮ್ಮಗಳು ಬಂದಳು. ಅವಳು ಕಲಿಯುವುದು ಮಲಯಾಳದಲ್ಲಿ. ಈ ವಿಷಯವಾಗಿ ನನಗೂ ಮಗನಿಗೂ ಒಮ್ಮೆ ಮಾತು ಬೆಳೆದು, ಕೆಲವು ತಿಂಗಳು ಫೋನು ಮೌನವಾಗಿದ್ದುದೂ ಉಂಟು. ಹುಡುಗಿ ಚಿತ್ರದ ಎದುರು ಬಹಳ ಹೊತ್ತು ನಿಂತು, “ಅಜ್ಜಾ, ಇದು ಉರುಂಬಲ್ಲ, ಎಟ್ಟುಕಾಲಿ” ಎಂದಳು.

“ಕನ್ನಡದಲ್ಲಿ ಹೇಳು ಮಗಾ” ಎಂದೆ. ಸ್ವರ ಸ್ವಲ್ಪ ಗಡುಸಾಗಿಯೇ ಬಂದಿರಬೇಕು.

ಅವಳಿಗೆ ‘ಜೇಡ’ ಎಂಬ ಶಬ್ದ ಬರಲಿಲ್ಲ. “ಎಂಟು ಕಾಲು ಉಂಟಲ್ಲ ಅಜ್ಜಾ, ಎಣಿಸಿ ನೋಡಿ.”

ನಾನು ಆರು ಕಾಲು, ಎರಡು ಮೀಸೆ ಎಂದು ಎಣಿಸಿ ತೋರಿಸಿದೆ. ಅವಳು ನನ್ನ ಮೀಸೆಯ ಬುಡಕ್ಕೇ ಬೆರಳಿಟ್ಟಳು. “ಇದು ತಲೆಯಿಂದ ಬಂದದ್ದಲ್ಲ. ಉಳಿದ ಕಾಲುಗಳ ಸಾಲಿನಿಂದಲೇ ಬಂದದ್ದು.”

ಮನೆಗೆ ಬಂದು ಮೂಲಚಿತ್ರವನ್ನು ತೆರೆದೆ. ಪುಣ್ಯಕ್ಕೆ ಅದನ್ನು ತಿದ್ದದೆ ಬೇರೆಯಾಗಿ ಇರಿಸಿದ್ದೆ. ನಾನು ಅಳಿಸಿದ ಎಳೆ ಹಳೆಯ ಬಲೆಯದಲ್ಲ. ಆ ಜೀವಿಯ ಹೊಟ್ಟೆಯ ತುದಿಯಿಂದಲೇ ಹೊರಟಿತ್ತು. ಅದು ಚಗಳಿಯ ವೇಷ ಹಾಕಿದ ಜಿಗಿಯುವ ಜೇಡ. ಮುಂಗಾಲು ಎರಡನ್ನೂ ಎತ್ತಿ ಕುಡಿಮೀಸೆಯಂತೆ ಆಡಿಸುತ್ತ ಅದು ಚಗಳಿಗಳ ನೆರೆಯಲ್ಲಿಯೇ ಬಾಳುತ್ತದೆ. ಕಚ್ಚುವ ಇರುವೆಯೆಂದು ಬಗೆದು ಹಲವು ಬೇಟೆಗಾರ ಜೀವಿಗಳು ಅದರ ಗೊಡವೆಗೆ ಹೋಗುವುದಿಲ್ಲ. ನಿಜವಾದ ಚಗಳಿಗಳಿಂದ ಮಾತ್ರ ಅದು ದೂರವೇ ಇರುತ್ತದೆ. ಗಾಬರಿಯಾದರೆ ಎಳೆ ಹಿಡಿದು ಕೆಳಗಿಳಿದು ತೂಗಾಡುತ್ತದೆ. ಇರುವೆಗೆ ಆ ವಿದ್ಯೆಯಿಲ್ಲ. ವೇಷಧಾರಿ ತಾನಾಗಿ ತೋರಿಸಿಕೊಟ್ಟಿದ್ದ ಆ ಒಂದೇ ಗುರುತನ್ನು ನಾನು ಅಂದಕ್ಕಾಗಿ ಅಳಿಸಿಬಿಟ್ಟಿದ್ದೆ. ನಮ್ಮ ‘ಜೇಡ’ ಶಬ್ದದಲ್ಲಿ ಲೆಕ್ಕವಿಲ್ಲ, ‘ಎಟ್ಟುಕಾಲಿ’ಯಲ್ಲಿ ಇದೆ. ಹುಡುಗಿಗೆ ಎಣಿಸುವುದು ಹೆಸರಿನೊಡನೆಯೇ ಬಂದಿತ್ತು.

ಮಾರನೆಯ ದಿನ ಚಿತ್ರವನ್ನು ಇಳಿಸಿ, ಎಳೆಯಿರುವ ಮೂಲಚಿತ್ರವನ್ನೇ ಅದೇ ಕಟ್ಟಿನಲ್ಲಿ ಹಾಕಿಸಿದೆ. ಕೆಳಗೆ ನಾನು ‘ಇರುವೆಯ ವೇಷದ ಜೇಡ’ ಎಂದು ಬರೆದೆ. ಅದರ ಬದಿಯಲ್ಲಿ ಮೊಮ್ಮಗಳು ತನ್ನ ಲಿಪಿಯಲ್ಲಿ ‘ಎಟ್ಟುಕಾಲಿ’ ಎಂದು ಬರೆದಳು. ಕನ್ನಡ ವಾಚನಾಲಯದ ಗೋಡೆಯಲ್ಲಿ ಮಲಯಾಳದ ಅಕ್ಷರವೇಕೆಂದು ಹಿರಿಯರೊಬ್ಬರು ಕೇಳಿದರು. ಹಿಂದಿನ ವರ್ಷವಾಗಿದ್ದರೆ ಆ ಪ್ರಶ್ನೆಯನ್ನು ನಾನೇ ಕೇಳುತ್ತಿದ್ದೆ. ಎಳೆಯ ಸಂಗತಿಯನ್ನು ಅವರಿಗೆ ವಿವರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಕಾಲುಗಳನ್ನು ಎಣಿಸತೊಡಗಿದರು.

ಚಗಳಿಯ ಒಳ್ಳೆಯ ಚಿತ್ರ ಇನ್ನೂ ದೊರೆತಿಲ್ಲ. ಹತ್ತಿರ ಹೋದರೆ ಅವು ಕಚ್ಚುತ್ತವೆ.